ಬ್ರಿಟನ್ ಫೀಸ್: ಕೊರತೆ ಅವರದು, ಸಾಲ ನಮ್ಮದು

ನಮಸ್ಕಾರ. ಬ್ರಿಟನ್ ಯೂನಿವರ್ಸಿಟಿಗಳು ನಮ್ಮ ಮಕ್ಕಳಿಗೆ ಹಾಕುವ ಫೀಸ್ ಬಗ್ಗೆ ಮಾತಾಡಿದರೆ ಕೆಲವರು ಹೇಳುತ್ತಾರೆ: "ಅವರ ಕಾಲೇಜು, ಅವರಿಷ್ಟ. ಆಗದಿದ್ದರೆ ಹೋಗಬೇಡಿ." ಸರಿ, ಒಪ್ಪೋಣ. ಆದರೆ ಈ ಫೀಸ್ ಯಾಕೆ ಏರುತ್ತಿದೆ?

ಇಂಗ್ಲೆಂಡಿನಲ್ಲಿ ಅಲ್ಲಿನ ಮಕ್ಕಳ ಡಿಗ್ರಿ ಫೀಸಿಗೆ ಸರ್ಕಾರ ಮಿತಿ ಹಾಕಿದೆ. 2012ರಲ್ಲಿ ಅದು ವರ್ಷಕ್ಕೆ 9,000 ಪೌಂಡ್. 2017ರಲ್ಲಿ 9,250. ಆಮೇಲೆ 2025ರವರೆಗೆ ಕದಲಲೇ ಇಲ್ಲ, ಕದಲಿದಾಗಲೂ ಏರಿದ್ದು 285 ಪೌಂಡ್. ಈ ನಡುವೆ ಸಂಬಳ, ಪಿಂಚಣಿ, ಕರೆಂಟ್ ಬಿಲ್ ಎಲ್ಲ ಏರಿದವು. ಹೊರದೇಶದವರ ಫೀಸಿಗೆ ಮಾತ್ರ ಯಾವ ಮಿತಿಯೂ ಇಲ್ಲ. ಕೊರತೆಯನ್ನೆಲ್ಲ ಯೂನಿವರ್ಸಿಟಿಗಳು ಅಲ್ಲಿಂದ ತುಂಬಿಸಿಕೊಂಡವು. ತಮ್ಮ ಓಟುದಾರರ ಫೀಸ್ ಏರಿಸಲು ಅಷ್ಟು ವರ್ಷ ಯಾವ ಪಕ್ಷಕ್ಕೂ ಧೈರ್ಯ ಬರಲಿಲ್ಲ. ನಮ್ಮ ಮಕ್ಕಳಿಗೆ ಅಲ್ಲಿ ಓಟಿಲ್ಲ, ಅಷ್ಟೇ.

ಈ ಲೆಕ್ಕ ನಡೆಯುವುದು ಹೊರಗಿನವರು ಬರುತ್ತಿರುವವರೆಗೆ. 2024ರ ಜನವರಿಯಿಂದ ಸಾಮಾನ್ಯ ಮಾಸ್ಟರ್ಸ್ ಓದುವವರು ಹೆಂಡತಿ, ಗಂಡ, ಮಕ್ಕಳನ್ನು ಕರೆದೊಯ್ಯುವಂತಿಲ್ಲ ಎಂದಾಯಿತು. ಅತ್ತ, ಹೆಚ್ಚು ವಿದ್ಯಾರ್ಥಿಗಳನ್ನು ಕಳಿಸುತ್ತಿದ್ದ ನೈಜೀರಿಯಾದ ಹಣದ ಬೆಲೆ ಕುಸಿದಿತ್ತು. ಬರುವವರು ಕಡಿಮೆಯಾದರು. ಸ್ಕಾಟ್ಲೆಂಡಿನ ಡಂಡೀ ಯೂನಿವರ್ಸಿಟಿ ಕೋಟಿಗಟ್ಟಲೆ ಪೌಂಡ್ ಕೊರತೆಗೆ ಬಿದ್ದು, ಕೆಲಸಗಳನ್ನು ಕಡಿತ ಮಾಡಬೇಕಾಯಿತು. ಅಲ್ಲಿ ಆಡಳಿತದ ಎಡವಟ್ಟುಗಳೂ ಇದ್ದವು, ನಿಜ. ಆದರೆ ಹೊರಗಿನ ವಿದ್ಯಾರ್ಥಿಗಳು ಕಡಿಮೆಯಾದದ್ದೂ ಒಂದು ಕಾರಣ. ಮೇಷ್ಟ್ರುಗಳ ಕೆಲಸ ಹೋದರೆ ಪಾಠ ತಪ್ಪುವುದು ಅಲ್ಲಿನ ಮಕ್ಕಳಿಗೂ ತಾನೇ?

ಇದರ ಮೇಲೆ ಈಗ ಹೊಸ ಶುಲ್ಕವೊಂದು ಬರಲಿದೆ. ಇಂಗ್ಲೆಂಡಿನ ಯೂನಿವರ್ಸಿಟಿಗಳು 2028ರ ಆಗಸ್ಟ್‌ನಿಂದ ಹೊರದೇಶದ ಒಬ್ಬೊಬ್ಬ ವಿದ್ಯಾರ್ಥಿಗೂ ವರ್ಷಕ್ಕೆ 925 ಪೌಂಡ್ ಸರ್ಕಾರಕ್ಕೆ ಕಟ್ಟಬೇಕು ಎಂಬುದು ಯೋಜನೆ. ಪ್ರತಿ ಯೂನಿವರ್ಸಿಟಿಗೂ ಮೊದಲ 220 ಹೊರದೇಶದ ವಿದ್ಯಾರ್ಥಿಗಳಿಗೆ ವಿನಾಯಿತಿ ಇದೆ. ಆ ದುಡ್ಡು ಅಲ್ಲಿನ ಬಡ ಮಕ್ಕಳ ಸಹಾಯಧನಕ್ಕಂತೆ. ಉದ್ದೇಶ ಒಳ್ಳೆಯದೇ. ಆದರೆ ಯೂನಿವರ್ಸಿಟಿ ತನ್ನ ಜೇಬಿನಿಂದ ಕಟ್ಟುತ್ತದೆ ಅಂತ ನಂಬುತ್ತೀರಾ? ಹಾಸನದಲ್ಲಿ ಮನೆ ಪತ್ರ ಬ್ಯಾಂಕಿಗಿಟ್ಟು ಮಗಳನ್ನು ಕಳಿಸಿದ ಅಪ್ಪ, ಲೀಡ್ಸ್‌ನ ಬಡ ಹುಡುಗನ ಸಹಾಯಧನಕ್ಕೂ ಸಾಲ ಮಾಡಿದಂತಾಯಿತು. ಶ್ರೀಮಂತರ ಮಕ್ಕಳು ಹೇಗೂ ಹೋಗುತ್ತಾರೆ ಬಿಡಿ. ಅಲ್ಲಿ ಓದುವ ಆಸೆ ಕೈಬಿಡುವವರು ಇಂಥ ಮನೆಯವರೇ.

ನನಗೆ ಜಾಸ್ತಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಸೇರುವಾಗ ಒಂದು ಫೀಸ್ ಹೇಳಿ, ಓದುವ ನಡುವೆ ಏರಿಸುವುದು. ಮೂರು ವರ್ಷದ ಡಿಗ್ರಿ, ಮೊದಲ ವರ್ಷ 25,000 ಪೌಂಡ್ ಅಂದುಕೊಳ್ಳಿ. ವರ್ಷಕ್ಕೆ ಶೇಕಡ 5 ಏರಿದರೆ ಒಟ್ಟು ಸುಮಾರು 3,800 ಪೌಂಡ್ ಜಾಸ್ತಿ. ಪೌಂಡ್ 100 ರೂಪಾಯಿ ದಾಟಿ ಎಷ್ಟೋ ಕಾಲವಾಯಿತು. ಅಂದರೆ 4 ಲಕ್ಷ ರೂಪಾಯಿಗೂ ಹೆಚ್ಚು! ಬ್ಯಾಂಕಿನವರು ಸಾಲ ಕೊಟ್ಟಿದ್ದು ಹಳೆಯ ಲೆಕ್ಕಕ್ಕೆ. ಅರ್ಧ ಓದಿದವನು ಬಿಟ್ಟು ಬರಲಾರ, ಅದು ಯೂನಿವರ್ಸಿಟಿಯವರಿಗೂ ಗೊತ್ತು.

ಹೊಸಬರಿಗೆ ಎಷ್ಟು ಬೇಕಾದರೂ ಕೇಳಲಿ. ಸೇರಿದವರಿಗೆ ಮಾತ್ರ ಕೋರ್ಸ್ ಮುಗಿಯುವವರೆಗೆ ಒಂದೇ ಫೀಸ್ ಇರಲಿ. ಕೆಲವು ಕಡೆ ಹೀಗೆಯೇ ಇದೆ. ಹಾಗಾಗಿ ಆಫರ್ ಲೆಟರ್ ಬಂದಾಗ, ಫೀಸ್ ವರ್ಷ ವರ್ಷ ಏರುತ್ತದಾ, ಏರಿದರೆ ಎಷ್ಟರವರೆಗೆ ಅಂತ ಮೊದಲು ಹುಡುಕಿ. ಬರೆದಿಲ್ಲದಿದ್ದರೆ ಡೆಪಾಸಿಟ್ ಕಟ್ಟುವ ಮುಂಚೆಯೇ ಇಮೇಲ್ ಮಾಡಿ ಕೇಳಿ.