ಕಿಟಕಿಯಲ್ಲೊಂದು ಪಾಚಿ ಉಂಡೆ

ಕೇಳುಗರೇ, ನಮಸ್ಕಾರ.

ಮಳೆಗಾಲದಲ್ಲಿ ನಮ್ಮ ಕೊಡಗಿನಲ್ಲಿ ಪಾಚಿ ಕಟ್ಟದ ಜಾಗ ಎಲ್ಲಿದೆ ಹೇಳಿ? ಹೆಂಚಿನ ಮೇಲೆ, ಕಾಂಪೌಂಡ್ ಗೋಡೆಯ ಮೇಲೆ, ತೋಟದ ನೆರಳುಮರದ ಕಾಂಡದ ಮೇಲೆ, ಎಲ್ಲೆಲ್ಲೂ ಹಸಿರು. ಆ ಪಾಚಿಯಿಂದಲೇ ಗಿಡಕ್ಕೊಂದು ಮನೆ ಮಾಡಿ, ಕುಂಡವಿಲ್ಲದೆ ಕಿಟಕಿ ಪಕ್ಕ ತೂಗುಹಾಕಬಹುದು. ಜಪಾನಿನವರು ಇದಕ್ಕೆ ಕೊಕೆಡಾಮ ಅನ್ನುತ್ತಾರೆ. ಕೊಕೆ ಅಂದರೆ ಪಾಚಿ, ಡಾಮ ಅಂದರೆ ಉಂಡೆ.

ಅಲ್ಲಿ ಕೆಟೊ ಅನ್ನುವ ಅಂಟುಮಣ್ಣಿಗೆ ಅಕಡಾಮ ಅನ್ನುವ ಹರಳುಮಣ್ಣು ಬೆರೆಸುತ್ತಾರೆ, ಏಳಕ್ಕೆ ಮೂರರ ಲೆಕ್ಕ. ನಾನು ಗದ್ದೆಯ ಜೇಡಿಮಣ್ಣಿಗೆ ತೆಂಗಿನ ನಾರಿನ ಪುಡಿ, ಸ್ವಲ್ಪ ಹಳೆಯ ಗೊಬ್ಬರ ಹಾಕಿ ಕಲಸುತ್ತೇನೆ. ಅಕ್ಕಿ ತರಿಯ ಉಂಡೆ ಕಡಂಬುಟ್ಟು ಕಟ್ಟಿದ ಕೈಗೆ ಈ ಹದ ಬೇಗ ಸಿಗುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಉಂಡೆ ಬಿರಿಯಬಾರದು. ದೊಡ್ಡ ಕಿತ್ತಳೆಯಷ್ಟು ಗಾತ್ರ ಸಾಕು. ಮಧ್ಯೆ ಬಿಡಿಸಿ, ಗಿಡದ ಬೇರು ಕೂರಿಸಿ, ಮತ್ತೆ ಅದುಮಿ. ಫರ್ನ್, ಮನಿ ಪ್ಲಾಂಟ್, ಸಿಂಗೋನಿಯಂ ಚೆನ್ನಾಗಿ ಬರುತ್ತವೆ. ಕಳ್ಳಿ ಜಾತಿಯವು ಬೇಡ.

ಪಾಚಿ ತರಲು ಕಾಡಿಗೆ ಹೋಗಬೇಡಿ, ದಯವಿಟ್ಟು. ಮನೆಯ ಗೋಡೆಯಲ್ಲಿ ಮಖಮಲ್ಲಿನ ಹಾಗೆ ಕೂತಿರುತ್ತದಲ್ವಾ, ಅದನ್ನೇ ದೋಸೆ ಎಬ್ಬಿಸುವ ಹಾಗೆ ಮೆಲ್ಲಗೆ ಎಬ್ಬಿಸಿ. ಅಲ್ಲೊಂದು ಇಲ್ಲೊಂದು ತುಂಡು ತೆಗೆದು, ಜಾಸ್ತಿ ಭಾಗ ಅಲ್ಲೇ ಬಿಡಿ. ಮತ್ತೆ ಹಬ್ಬುವುದು ಬಹಳ ನಿಧಾನ.

ಪಾಚಿ ಹೊದಿಸಿದ ಮೇಲೆ ದಾರ ಸುತ್ತಬೇಕು. ಮೊದಲ ಸಲ ನಾನು ಹತ್ತಿ ದಾರ ಸುತ್ತಿದ್ದೆ. ಕಕ್ಕಡ ತಿಂಗಳ, ಅಂದರೆ ಜುಲೈ-ಆಗಸ್ಟಿನ, ಮಳೆಯ ತೇವಕ್ಕೆ ಅದು ಕೊಳೆತು, ಒಂದು ರಾತ್ರಿ ಉಂಡೆ ಧೊಪ್ಪನೆ ನೆಲಕ್ಕೆ ಬಿತ್ತು. ಈಗ ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರವೇ ಸುತ್ತುತ್ತೇನೆ.

ಇನ್ನು ನೀರಿನ ವಿಷಯ. ಉಂಡೆಗಳು ಸಾಯುವುದು ಹೆಚ್ಚಾಗಿ ಇಲ್ಲೇ. ಮೇಲಿಂದ ಸುರಿದರೆ ನೀರು ಜಾರಿ ಹೋಗುತ್ತದೆ. ಉಂಡೆಯನ್ನು ಬಕೆಟ್ಟಿನಲ್ಲಿ ಇಳಿಸಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಹತ್ತು ಹದಿನೈದು ನಿಮಿಷಕ್ಕೆ ಅವು ನಿಂತರೆ ಒಳಗಿನ ಮಣ್ಣು ನೆನೆದಿದೆ ಅಂತ. ಎತ್ತಿ, ನೀರು ಬಸಿದ ಮೇಲೆ ಅಂಗೈಯಲ್ಲಿ ಹಿಡಿದು ಭಾರ ನೋಡಿ. ಆ ಭಾರ ಕೈಗೆ ನೆನಪಿರಲಿ. ಮುಂದೆ ಎತ್ತಿದಾಗ ಹಗುರ ಅನಿಸಿದರೆ ಮಾತ್ರ ಮತ್ತೆ ಮುಳುಗಿಸಿ. ವಾರಕ್ಕೆ ಇಷ್ಟು ಸಲ ಅನ್ನುವ ಲೆಕ್ಕ ನಮ್ಮೂರಿನಲ್ಲಿ ನಡೆಯುವುದಿಲ್ಲ. ಜುಲೈನಲ್ಲಿ ವಾರ ದಾಟಿದರೂ ಒದ್ದೆ, ಫೆಬ್ರವರಿಯಲ್ಲಿ ಮೂರೇ ದಿನಕ್ಕೆ ಒಣಗುತ್ತದೆ. ಪಾಚಿಗೆ ನಿಜವಾದ ಬೇರಿಲ್ಲ, ಎಲೆಯಿಂದಲೇ ನೀರು ಕುಡಿಯುತ್ತದೆ. ಹಾಗಾಗಿ ಬೇಸಿಗೆಯಲ್ಲಿ ದಿನಾ ನೀರು ಚಿಮುಕಿಸಿ. ಹಿಡಿದಿಟ್ಟ ಮಳೆನೀರಿದ್ದರೆ ಇನ್ನೂ ಒಳ್ಳೆಯದು. ನೇರ ಬಿಸಿಲೂ ಬೇಡ, ಒಲೆಯ ಕಾವೂ ಬೇಡ.

ಒಂದು ಮಾರ್ಚಿನಲ್ಲಿ ನನ್ನ ಉಂಡೆಯೊಂದು ಪೂರಾ ಕಂದು ಬಣ್ಣಕ್ಕೆ ತಿರುಗಿತ್ತು. ಸತ್ತೇ ಹೋಯಿತು ಅಂದುಕೊಂಡು ಜಗಲಿಯಂಚಿಗೆ ತೂಗುಹಾಕಿದೆ. ಆ ರಾತ್ರಿ ಕಾಫಿ ಹೂ ಅರಳಿಸುವ ಹೂಮಳೆ ಬಂತು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡಿದರೆ, ಎರಚಲು ಬಡಿದ ಮಗ್ಗುಲು ಹಸಿರಾಗಿತ್ತು. ಇನ್ನೊಂದು ಮಗ್ಗುಲು ಹಾಗೇ ಕಂದು. ದಾರ ತಿರುಗಿಸಿ, ಆ ಮಗ್ಗುಲನ್ನೂ ಮಳೆಯ ಕಡೆಗೆ ಮಾಡಿದೆ.

ನಮಸ್ಕಾರ.