ಲೈಸೆನ್ಸ್ ಕೇಳದವನ ಕೈಯಾಗಿನ ಪಿಸ್ತೂಲು

ನಮಸ್ಕಾರ್ರಿ. 2025ರ ಜನವರಿ 16ಕ್ಕ ಬೀದರದಾಗ ಏನಾಯ್ತು, ಎಲ್ಲರಿಗೂ ಗೊತ್ತದ. ಹಾಡಹಗಲೇ ಎಟಿಎಂಗೆ ರೊಕ್ಕ ತುಂಬೋ ಸಿಬ್ಬಂದಿ ಮ್ಯಾಲ ಬೈಕಿನ್ಯಾಗ ಬಂದವರು ಗುಂಡು ಹಾರಿಸಿದರು. ದುಡಿಲಿಕ್ಕೆ ಬಂದವನೊಬ್ಬನ ಜೀವ ಹೋಯ್ತು. ಅದೇ ದಿನ ಹೈದರಾಬಾದಿನ್ಯಾಗೂ ಗುಂಡು ಹಾರಿಸಿದರು. ಆವಾಗಿಂದ ಕಲಬುರಗಿ, ಬೀದರ್ ಕಡಿ ಮಂದಿ ಒಂದೇ ಮಾತು ಅಂತಾರ: ಕಳ್ಳರ ಕೈಯಾಗ ಪಿಸ್ತೂಲ್ ಅದ, ನಮ್ಮ ಕೈಯಾಗ ಇಲ್ಲ. ಈ ಶಸ್ತ್ರಾಸ್ತ್ರ ಕಾನೂನು ಯಾತಕ್ಕ? ನಮಗೂ ಸಲೀಸಾಗಿ ಲೈಸೆನ್ಸ್ ಕೊಡ್ರಿ.

ಸಿಟ್ಟು ಖರೇ ಅದ. ಮಾತು ಮಾತ್ರ ನಾ ಒಪ್ಪಂಗಿಲ್ಲ.

ಹೊಲಕ್ಕ ಹಂದಿ ನುಗ್ತಾವಂತ ಬಂದೂಕು ಕೇಳೋ ರೈತ ಅರ್ಜಿ ಹಾಕಬೇಕು, ಪೊಲೀಸ್ ವರದಿ ಬರಬೇಕು, ಎಲೆಕ್ಷನ್ ಬಂತಂದ್ರ ಬಹುತೇಕ ಠಾಣಾಕ್ಕ ಒಯ್ದು ಜಮಾ ಮಾಡಬೇಕು. ಈ ಕಾನೂನಿಗೆ 2019ರ ತಿದ್ದುಪಡಿ ಬಂದ ಮ್ಯಾಲ ಒಬ್ಬರಿಗೆ 3ರ ಬದಲು 2 ಬಂದೂಕು ಅಷ್ಟೇ. ಇದು ಇರಲೇಬೇಕ್ರಿ. ಮನಿಗೊಂದು ಬಂದೂಕು ಬಂದ್ರ ಅಣ್ತಮ್ಮರ ಬದುವಿನ ಜಗಳ ಬಡಿಗಿಗೆ ನಿಲ್ತದೇನು?

ಆದರ ಸುಪಾರಿ ತಗೊಂಡವ ಡಿಸಿ ಆಫೀಸಿನ ಮೆಟ್ಟಿಲು ಹತ್ತಂಗಿಲ್ಲ. ಅವನಿಗೆ ಬಿಹಾರದ ಮುಂಗೇರ್, ಮಧ್ಯಪ್ರದೇಶದ ಖರಗೋನ್ ಕಡಿ ಮಾಡಿದ ಕಂಟ್ರಿ ಪಿಸ್ತೂಲು ಸಿಗ್ತದ. ನಮ್ಮ ಅಫಜಲಪುರದ ಭೀಮಾ ತೀರಕ್ಕ ಹಂತಕರ ನೆಲ ಅನ್ನೋ ಕೆಟ್ಟ ಹೆಸರು ಅಂಟಿದ್ದೂ ಇದರಿಂದಲೇ. 2015ರಾಗ ಎಂ.ಎಂ. ಕಲಬುರ್ಗಿ ಸರ್, 2017ರಾಗ ಗೌರಿ ಲಂಕೇಶ್. ಇಬ್ಬರನ್ನೂ ಕೊಂದದ್ದು ಒಂದೇ 7.65 ಎಂಎಂ ನಾಡ ಪಿಸ್ತೂಲು ಅಂತ ವಿಧಿವಿಜ್ಞಾನ ಪ್ರಯೋಗಾಲಯ ಹೇಳ್ತು. ಎರಡು ವರ್ಷ ಆ ಪಿಸ್ತೂಲು ಯಾರ ಕೈಗೂ ಸಿಗದೆ ಓಡಾಡ್ತಲ್ಲ, ಅದು ನೆನಪಾದ್ರ ಈಗಲೂ ಹೊಟ್ಟಿ ಉರೀತದ.

ಹಂಗಂತ ಕಾನೂನು ಸೋತದ ಅನ್ನಬ್ಯಾಡ್ರಿ. ಲೈಸೆನ್ಸ್ ಇಲ್ಲದ ಪಿಸ್ತೂಲು ಸೊಂಟದಾಗ ಸಿಕ್ಕರೇ ಸಾಕು, ಗುಂಡು ಹಾರೋಕೂ ಮೊದಲೇ ಹಿಡೀಬಹುದು. 2ರಿಂದ 5 ವರ್ಷ ಜೈಲು. ಅದನ್ನ ತಯಾರ ಮಾಡಿದವನಿಗೆ, ಮಾರಿದವನಿಗೆ 7 ವರ್ಷದಿಂದ ಜೀವಾವಧಿ ತನಕ. ಈ ಎರಡನೇದು ಎಷ್ಟು ಕೇಸಿನ್ಯಾಗ ಬಳಕಿ ಆಗ್ತದ? ಪಿಸ್ತೂಲು ಹಿಡದವನ ಫೋಟೊ ಪೇಪರಿನ್ಯಾಗ ಬರ್ತದ. ತಂದುಕೊಟ್ಟ ದಲ್ಲಾಳಿದು ಬರಂಗಿಲ್ಲ.

ಬೀದರಿಗೆ ಒಂದು ಕಡಿ ತೆಲಂಗಾಣ, ಇನ್ನೊಂದು ಕಡಿ ಮಹಾರಾಷ್ಟ್ರ. ಮೂರೂ ರಾಜ್ಯದ ಪೊಲೀಸರು ಕೂಡಿ, ಜಪ್ತಿಯಾದ ಒಂದೊಂದು ಪಿಸ್ತೂಲಿನ ಮೂಲ ಹುಡುಕಬೇಕು. ಅದು ಎಲ್ಲಿಂದ, ಯಾರ ಕೈಯಿಂದ ಬಂತು ಅನ್ನೋದನ್ನ ನಮ್ಮ ಎಸ್‌ಪಿಗಳು ವರ್ಷಕ್ಕೊಮ್ಮೆ ಜನರ ಮುಂದ ಇಡಬೇಕು. ನಿಮ್ಮ ಶಾಸಕರು ಊರಿಗೆ ಬಂದಾಗ ಇದನ್ನೇ ಕೇಳ್ರಿ.