ಐದಡಿ ಏಳಿಂಚಿನವರ ಹೆಡರ್

ಕೇಳುಗರಿಗೆಲ್ಲ ನಮಸ್ಕಾರ.

ಇವತ್ತು ಸುನಿಲ್ ಛೆಟ್ರಿ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ಭಾರತದ ಪರ ಅತಿ ಹೆಚ್ಚು ಗೋಲು ಹೊಡೆದವರು, ಖೇಲ್ ರತ್ನ ಪಡೆದ ಮೊದಲ ಫುಟ್‌ಬಾಲ್ ಆಟಗಾರ, ಇದೆಲ್ಲ ನೀವು ಪೇಪರಿನಲ್ಲಿ ಓದಿರುತ್ತೀರಿ. ನನಗೆ ಹೇಳಬೇಕಾಗಿರುವುದು ಬೇರೆ. ಅವರ ಹೆಡರ್ ಬಗ್ಗೆ, ಅಂದರೆ ತಲೆಯಿಂದ ಚೆಂಡು ಹೊಡೆಯುವ ಕಲೆಯ ಬಗ್ಗೆ ಹೇಳಬೇಕು.

ಅವರ ಎತ್ತರ ಐದಡಿ ಏಳಿಂಚು, ಅಷ್ಟೇ. ಬಸ್ಸಿನಲ್ಲಿ ನಮ್ಮ ಪಕ್ಕ ನಿಂತರೆ ಯಾರೂ ತಿರುಗಿ ನೋಡದ ಎತ್ತರ. ಆದರೆ ಅವರನ್ನು ಕಾಯುವ ಡಿಫೆಂಡರ್‌ಗಳು ಎಷ್ಟೋ ಸಲ ಆರಡಿ ಮೇಲಿನವರು. ಅಂಥವರ ನಡುವೆ ಗಾಳಿಯಲ್ಲಿ ಬರುವ ಚೆಂಡು ಇವರ ತಲೆಗೆ ಹೇಗೆ ಸಿಗುತ್ತದೆ? ಕಂಠೀರವದಲ್ಲಿ ಕೂತು ನೋಡಿದವರಿಗೆ ಗೊತ್ತು, ಅಲ್ಲಿ ಓಟದ ಟ್ರ್ಯಾಕ್ ಇರುವುದರಿಂದ ಮೈದಾನ ಸ್ವಲ್ಪ ದೂರವೇ ಕಾಣುತ್ತದೆ. ಆದರೂ ನಾನು ಚೆಂಡು ಬಿಟ್ಟು ಅವರ ಕಾಲು ನೋಡುತ್ತಾ ಕೂತಿದ್ದೇನೆ. ಕ್ರಾಸ್, ಅಂದರೆ ಮೈದಾನದ ಬದಿಯಿಂದ ಗೋಲಿನ ಕಡೆಗೆ ಹೊಡೆದ ಚೆಂಡು, ಬರುವ ಮೊದಲು ಅವರು ಒಂದೆರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಡಿಫೆಂಡರ್‌ನ ಬೆನ್ನ ಹಿಂದೆ, ಅವನ ಕಣ್ಣಿಗೆ ಬೀಳದ ಕಡೆ. ಅವನು ಚೆಂಡು ನೋಡಲೋ ಈ ಮನುಷ್ಯನನ್ನು ನೋಡಲೋ ಅಂತ ಒಂದು ಕ್ಷಣ ತಡವರಿಸುತ್ತಾನೆ. ಅಷ್ಟರಲ್ಲಿ ಇವರು ಓಡಿ ಬಂದು ಅವನಿಗಿಂತ ಮೊದಲೇ ಜಿಗಿದಾಗಿರುತ್ತದೆ. ಅವನು ಏಳುವ ಹೊತ್ತಿಗೆ ಇವರು ಮೇಲಿರುತ್ತಾರೆ. ಎತ್ತರದವನು ನಿಂತಲ್ಲೇ ಗೆಲ್ಲಬಹುದು, ಗಿಡ್ಡ ಇರುವವರು ಮೊದಲೇ ಹೊರಡಬೇಕು.

ಅವರು ಹುಟ್ಟಿದ್ದು 1984ರಲ್ಲಿ, ಸಿಕಂದರಾಬಾದಿನಲ್ಲಿ. ಅಪ್ಪ ಸೈನ್ಯದಲ್ಲಿದ್ದರು, ಹಾಗಾಗಿ ಊರೂರು ತಿರುಗಿದ ಬಾಲ್ಯ. ಅಮ್ಮ ನೇಪಾಳದ ಮಹಿಳಾ ತಂಡಕ್ಕೆ ಫುಟ್‌ಬಾಲ್ ಆಡಿದವರು. ದೆಹಲಿಯಲ್ಲಿ ಆಡುತ್ತಿದ್ದ ಹುಡುಗ 2002ರಲ್ಲಿ ಕೋಲ್ಕತ್ತದ ಮೋಹನ್ ಬಗಾನ್ ಸೇರಿದರು. ಆಮೇಲೆ ಪಂಜಾಬಿನ ಜೆಸಿಟಿ, ಈಸ್ಟ್ ಬೆಂಗಾಲ್, ಗೋವಾದ ಡೆಂಪೊ. 2005ರ ಜೂನ್‌ನಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ದೇಶಕ್ಕಾಗಿ ಮೊದಲ ಪಂದ್ಯ, ಆ ಪಂದ್ಯದಲ್ಲೇ ಮೊದಲ ಗೋಲು. 2008ರಲ್ಲಿ ದೆಹಲಿಯ ಅಂಬೇಡ್ಕರ್ ಸ್ಟೇಡಿಯಂನಲ್ಲಿ ಏಷ್ಯಾದ ದೇಶಗಳ ಟೂರ್ನಿಯಾದ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್. ತಜಿಕಿಸ್ತಾನದ ವಿರುದ್ಧ ಛೆಟ್ರಿ ಹ್ಯಾಟ್ರಿಕ್ ಹೊಡೆದರು, ನಾವು 4-1ರಿಂದ ಗೆದ್ದೆವು. ಅದರಿಂದಲೇ 2011ರ ಏಷ್ಯನ್ ಕಪ್‌ಗೆ ದಾರಿಯಾಯಿತು, 27 ವರ್ಷಗಳ ನಂತರ.

ಇಷ್ಟು ಹೊಡೆದವರಿಗೆ ಹೊರದೇಶದಲ್ಲಿ ಬಾಗಿಲು ತೆರೆಯಬೇಕಿತ್ತು ಅಲ್ವಾ? ತೆರೆದ ಹಾಗೆಯೇ ಆಗಿ ಮುಚ್ಚಿತು, ಅದೂ ಮೂರು ಸಲ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಜೊತೆ ಒಪ್ಪಂದ ಆಯಿತು. ಆದರೆ ಬ್ರಿಟನ್ ಕೆಲಸದ ಪರವಾನಗಿ ಕೊಡಲಿಲ್ಲ, ಯಾಕೆಂದರೆ ಫಿಫಾ ಪಟ್ಟಿಯಲ್ಲಿ ಭಾರತ ಮೊದಲ 70ರೊಳಗೆ ಇರಲಿಲ್ಲ. ಇದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ. ಆಟ ಸಾಲದು ಅಂತ ಹೇಳಿದ್ದರೆ ಮನುಷ್ಯ ಇನ್ನಷ್ಟು ಕಲಿಯಬಹುದು. ದೇಶದ ರ‍್ಯಾಂಕಿಂಗ್ ಸಾಲದು ಅಂದರೆ ಒಬ್ಬ ಆಟಗಾರ ಏನು ಮಾಡಬೇಕು? 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದರು, ಲೀಗ್‌ನಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಕರೆಯಿತು. ಅಲ್ಲಿ ಬಿ ತಂಡದಲ್ಲಿ ಬೆರಳೆಣಿಕೆಯ ಪಂದ್ಯ ಆಡಿ ವಾಪಸ್ ಬಂದರು.

ವಾಪಸ್ ಬಂದು ಸ್ವಲ್ಪ ದಿನಕ್ಕೆ, 2013ರಲ್ಲಿ, ನಮ್ಮ ಊರಿಗೆ ಬಂದರು. ಬೆಂಗಳೂರು ಎಫ್‌ಸಿ ಆಗಷ್ಟೇ ಹುಟ್ಟಿತ್ತು. ಛೆಟ್ರಿಗೆ ಆಗ 29. ಫಾರ್ವರ್ಡ್ ಆಡುವವರ ಲೆಕ್ಕದಲ್ಲಿ 29 ಅಂದರೆ ಜನ ಆಗಲೇ ವಯಸ್ಸು ಎಣಿಸಲು ಶುರು ಮಾಡುತ್ತಾರೆ, ಇನ್ನು ಎರಡು ವರ್ಷ, ಮೂರು ವರ್ಷ ಅಂತ.

ಆದರೆ ಅವರ ಆಟದ ದೊಡ್ಡ ಭಾಗ ನಡೆದಿದ್ದೇ ಅಲ್ಲಿಂದಾಚೆ. ನಾನು ಇವತ್ತು ಮಾತಾಡಬೇಕು ಅಂದುಕೊಂಡಿದ್ದು ಇದಕ್ಕೇ. ಮೊದಲ ವರ್ಷ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಆಡಿದ ತಂಡ ಮೊದಲ ವರ್ಷವೇ ಆಗಿನ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಛೆಟ್ರಿಯ ಗೋಲು 14. ಈ 14 ನೆನಪಿಡಿ, ಆಮೇಲೆ ಮತ್ತೆ ಬರುತ್ತದೆ.

ಬೆಂಗಳೂರಿಗೆ ಫುಟ್‌ಬಾಲ್ ಹೊಸದೇನಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮವರೇ. ಬರಿಗಾಲಲ್ಲಿ ಚೆಂಡು ಕುಣಿಸುತ್ತಿದ್ದ ಅಹ್ಮದ್ ಖಾನ್ ಕೂಡ ನಮ್ಮವರೇ. ಹಲಸೂರಿನ ಹತ್ತಿರ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ಆದರೆ ಇಲ್ಲಿ ಆಡಿ ಹೆಸರು ಮಾಡಿದವರು ಕೋಲ್ಕತ್ತಕ್ಕೆ ಹೋಗುವುದು ರೂಢಿಯಾಗಿತ್ತು. ಅಲ್ಲಿಂದ ಬಂದ ಒಬ್ಬರು ಇಲ್ಲಿ ನಿಂತಿದ್ದು ನಮಗೆ ಹೊಸದು. ಬಂದವರು ಬರೀ ನಿಲ್ಲಲಿಲ್ಲ, ಊರಿನ ಮಕ್ಕಳ ಬೆನ್ನ ಮೇಲೆ ತಮ್ಮ ಜೆರ್ಸಿಯ 11 ನಂಬರ್ ಬರುವ ಹಾಗೆ ಮಾಡಿದರು.

2016ರ ಅಕ್ಟೋಬರ್ ರಾತ್ರಿ ಒಂದನ್ನು ಹೇಳದೆ ಮುಂದೆ ಹೋಗಲಾರೆ. ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್, ಕಂಠೀರವದಲ್ಲಿ, ಮಲೇಷ್ಯಾದ ಜೊಹೊರ್ ತಂಡ. ಅವರು ಹಿಂದಿನ ವರ್ಷದ ಚಾಂಪಿಯನ್ನರು. ಹನ್ನೊಂದನೇ ನಿಮಿಷಕ್ಕೇ ಅವರ ಗೋಲು ಆಯಿತು, ಸ್ಟೇಡಿಯಂ ತಣ್ಣಗಾಯಿತು. ಅರ್ಧ ಆಟ ಮುಗಿಯುವ ಮೊದಲು ಛೆಟ್ರಿ ಸಮ ಮಾಡಿದರು, ಹೆಡರ್. ಎರಡನೆಯದು ದೂರದಿಂದ ಬಲಗಾಲಲ್ಲಿ ಹೊಡೆದದ್ದು, ಚೆಂಡು ಬಾಗಿ ಹೋಗಿ ಬಲೆಗೆ ಬಿತ್ತು. ಕೊನೆಗೆ 3-1. ಭಾರತದ ಕ್ಲಬ್ ಒಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ತಂಡಕ್ಕೆ ಒಂದು ಗೋಲಿನಿಂದ ಸೋತೆವು ಬಿಡಿ, ಆ ರಾತ್ರಿ ಮಾತ್ರ ಹೋಗಲಿಲ್ಲ.

ಮುಂದೆ ವೆನೆಜುವೆಲಾದ ಫಾರ್ವರ್ಡ್ ಮಿಕು ತಂಡಕ್ಕೆ ಬಂದಾಗ ಮಧ್ಯದ ಜಾಗ ಬಿಟ್ಟು ಎಡಗಡೆಗೆ ಸರಿದು ಆಡಿದರು. ಗೋಲು ಹೊಡೆಯುವ ಹಸಿವಿರುವವರಿಗೆ ಅದು ಸುಲಭವಲ್ಲ. ಸುಮ್ನೆ ಆಡಿದರು, ಅಲ್ಲಿಂದಲೂ ಹೊಡೆದರು.

2018ರ ಜೂನ್‌ನಲ್ಲಿ ಮುಂಬೈನಲ್ಲಿ ಚೈನೀಸ್ ತೈಪೆ ವಿರುದ್ಧ ಹ್ಯಾಟ್ರಿಕ್ ಹೊಡೆದಾಗ ಸ್ಟೇಡಿಯಂನಲ್ಲಿ ಇದ್ದವರು 2,569 ಜನ. ಮರುದಿನ ಒಂದು ವಿಡಿಯೊ ಹಾಕಿ ಕೈ ಮುಗಿದು ಕೇಳಿಕೊಂಡರು, ಬೈಯುವುದಿದ್ದರೂ ಬನ್ನಿ, ಮೈದಾನಕ್ಕೆ ಬಂದು ಬೈಯಿರಿ ಅಂತ. ಮುಂದಿನ ಪಂದ್ಯ ಅವರ ನೂರನೆಯದು, ಕೀನ್ಯಾ ವಿರುದ್ಧ. ಟಿಕೆಟ್ಟೆಲ್ಲ ಖಾಲಿ. ಸುರಿಯುವ ಮಳೆಯಲ್ಲಿ ಎರಡು ಗೋಲು ಹೊಡೆದರು. ನೂರನೇ ಪಂದ್ಯ ಆಡುವ ನಾಯಕ ಜನರನ್ನು ಬೇಡಿಕೊಳ್ಳಬೇಕಾಯಿತಲ್ಲ ಅನ್ನೋದು ನನ್ನ ಮನಸ್ಸಿನಿಂದ ಹೋಗಿಲ್ಲ. ಅವತ್ತು ಬಾರದೆ ಮನೆಯಲ್ಲಿ ಕೂತವರಲ್ಲಿ ನಾವೂ ಇದ್ದೆವು.

2024ರ ಜೂನ್ 6ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಕುವೈತ್ ವಿರುದ್ಧ ದೇಶದ ತಂಡಕ್ಕೆ ವಿದಾಯ ಹೇಳಿದರು. 151 ಪಂದ್ಯ, 94 ಗೋಲು. ಅವತ್ತಿಗೆ ಅವರಿಗಿಂತ ಮುಂದೆ ಇದ್ದವರು ರೊನಾಲ್ಡೊ, ಮೆಸ್ಸಿ ಮತ್ತು ಇರಾನಿನ ಅಲಿ ದಾಯಿ ಮಾತ್ರ. ನಾವೆಲ್ಲ ಮುಗಿಯಿತು ಅಂದುಕೊಂಡೆವು. ಆದರೆ ಕ್ಲಬ್ಬಿಗೆ ಆಡುವುದನ್ನು ಬಿಟ್ಟಿರಲಿಲ್ಲ. ಡಿಸೆಂಬರ್‌ನಲ್ಲಿ ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಹ್ಯಾಟ್ರಿಕ್ ಬಂತು. ಗೋಲುಗಳು ಬರುತ್ತಲೇ ಹೋದವು, ಎಷ್ಟೆಂದರೆ ರಾಷ್ಟ್ರೀಯ ತಂಡ ಮತ್ತೆ ಕರೆಯಿತು. 2025ರ ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಹೆಡರ್, ಅದು 95ನೆಯದು.

ಆ ಸೀಸನ್ನಿನ ಐಎಸ್‌ಎಲ್, ಅಂದರೆ ಇಂಡಿಯನ್ ಸೂಪರ್ ಲೀಗ್ ಸೆಮಿಫೈನಲ್, ಏಪ್ರಿಲ್ 6, ಎಫ್‌ಸಿ ಗೋವಾ ಜೊತೆ ಅವರದೇ ಮೈದಾನ ಫತೋರ್ಡಾದಲ್ಲಿ. ಎರಡು ಪಂದ್ಯದ ಗೋಲು ಸೇರಿಸಿ ಗೆದ್ದವರು ಯಾರು ಅಂತ ಲೆಕ್ಕ. ಮೊದಲ ಪಂದ್ಯದಲ್ಲಿ ನಮಗೆ ಎರಡು ಗೋಲಿನ ಮುನ್ನಡೆ ಇತ್ತು, ಫತೋರ್ಡಾದಲ್ಲಿ ಅದು ಕರಗಿ ಸಮವಾಗಿತ್ತು. ತೊಂಬತ್ತು ನಿಮಿಷ ದಾಟಿತ್ತು. ನಾನು ಟಿವಿ ಮುಂದೆ ಕೂರಲಾರದೆ ಎದ್ದು ನಿಂತಿದ್ದೆ, ಇನ್ನು ಹೆಚ್ಚುವರಿ ಅರ್ಧ ಗಂಟೆ ಈ ಕಾಲುಗಳು ಎಳೆಯಬೇಕಲ್ಲಪ್ಪ ಅಂದುಕೊಂಡು. ಬಲಗಡೆಯಿಂದ ನಾಮ್‌ಗ್ಯಾಲ್ ಭುಟಿಯಾ ಕ್ರಾಸ್ ಕೊಟ್ಟರು. ನಲವತ್ತು ವರ್ಷದ ಮನುಷ್ಯ ಬಾಕ್ಸಿನೊಳಗೆ ಓಡಿ ಬಂದರು, ತಲೆ ಕೊಟ್ಟರು, ಚೆಂಡು ಒಳಗೆ. ಆ ಸೀಸನ್ನಿನಲ್ಲಿ ಅದು ಅವರ 14ನೇ ಗೋಲು.

ಆರು ದಿನದ ನಂತರ ಫೈನಲ್‌ನಲ್ಲಿ ಸೋತೆವು, ಮೋಹನ್ ಬಗಾನ್ ಎದುರು, ಹೆಚ್ಚುವರಿ ಸಮಯದಲ್ಲಿ. ಆದರೆ ಈಗಲೂ ನಾನು ಮೊಬೈಲ್‌ನಲ್ಲಿ ತೆಗೆದು ನೋಡುವುದು ಆ ಫತೋರ್ಡಾ ಗೋಲನ್ನೇ. ನೀವೂ ಒಮ್ಮೆ ನೋಡಿ. ಚೆಂಡು ನೋಡಬೇಡಿ, ಅದು ಬರುವ ಮುಂಚೆ ಅವರು ಎಲ್ಲಿಂದ ಹೊರಟರು ಅನ್ನೋದನ್ನು ನೋಡಿ.

ನಮಸ್ಕಾರ.